ಕತ್ತೆಯ ದನಿ ಕದ್ದವರು ಯಾರು?

ಸಾಲಿ ಮಾಸ್ತರನಾದವನಿಗೆ ಪಾಠ ಹೇಳುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸ ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಜನ ಎಣಿಸು, ದನ ಎಣಿಸು, ಓಟಿನ ಡಬ್ಬಿ ಹೊರು. ಇವನ್ನೆಲ್ಲ ನಾನು ಗೊಣಗುತ್ತಲೇ ಮಾಡಿ ಮುಗಿಸಿದ್ದೇನೆ. ಆದರೆ ನನ್ನ ಜೀವ ಹಿಂಡಿ ಹಿಪ್ಪೆ ಮಾಡಿದ್ದು ಟಿವಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಿದ್ದದ್ದು ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆಂಗಳೂರಿನವರೇ ಟಿವಿ ಕಂಡಿರದ ಆ ಕಾಲದಲ್ಲಿ ಸರ್ಕಾರದವರು ನಮ್ಮ ಹಳ್ಳಿಗೆ ಒಂದು ಟಿವಿ ತಂದಿಟ್ಟರು. ಶಾಲೆಯ ಅಂಗಳದಲ್ಲಿ ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಮಾಡಿದ ದೊಡ್ಡ ಬುಟ್ಟಿಯೊಂದನ್ನು ಮುಗಿಲಿಗೆ ಮುಖ ಮಾಡಿ ನಿಲ್ಲಿಸಿದರು. ಆಕಾಶದ ಉಪಗ್ರಹದಿಂದ ಚಿತ್ರ ಬರುವುದು ಅದಕ್ಕೇ ಅಂತೆ. ಟಿವಿ ಶಾಲೆಯೊಳಗೆ, ಕಟ್ಟಿಗೆಯ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಕೀಲಿ. ಕೀಲಿ ನನ್ನ ಕೊರಳಿಗೆ.

ಸಂಜೆ ರೈತರ ಕಾರ್ಯಕ್ರಮ, ಬೆಳಿಗ್ಗೆ ಮಕ್ಕಳದು. ಬೆಳಿಗ್ಗೆ ಕಂತು ಕಂತಾಗಿ ಒಂದು ಗೊಂಬೆಯಾಟ ಬರುತ್ತಿತ್ತು. ಒಂದು ಕತ್ತೆಯ ದನಿ ಕಳವಾಗಿದೆ. ಬಾಯಿ ತೆರೆದರೆ ಸದ್ದೇ ಇಲ್ಲ. ಪಾಪ, ಅದು ಕಳ್ಳನನ್ನು ಹುಡುಕುತ್ತ ಅಲೆಯುತ್ತದೆ. ಅನುಮಾನ ಮೂವರ ಮೇಲೆ: ನರಿ, ಕಾಗೆ, ಮತ್ತು ದೊಡ್ಡ ಮೀಸೆಯ ಒಬ್ಬ ಗೌಡ. ಮಕ್ಕಳಿಗಿಂತ ನನಗೇ ಅದರ ಹುಚ್ಚು ಹೆಚ್ಚು ಹತ್ತಿತು. ಕಳ್ಳ ಯಾರೆಂದು ತಿಳಿಯಬೇಕು, ಅಷ್ಟೇ. ದೇವರ ಹತ್ತಿರ ಬೇರೇನನ್ನೂ ನಾನು ಕೇಳಿರಲಿಲ್ಲ.

ಶ್ಯಾವಿಗೆ

ಕತ್ತೆ ಕಾಗೆಯ ಮನೆ ಬಾಗಿಲು ಬಡಿಯುವ ಹೊತ್ತಿಗೆ ಸರಿಯಾಗಿ ಚಿತ್ರ ಹೋಗಿ ಪರದೆಯ ತುಂಬ ಬಿಳಿ ಚುಕ್ಕೆ ಕುಣಿಯತೊಡಗಿದವು. ಪೆಟ್ಟಿಗೆಗೆ ಎಡಗಡೆ ಒಂದು ಬಡಿದೆ, ಬಲಗಡೆ ಒಂದು ಬಡಿದೆ. ಚುಕ್ಕೆ ಇನ್ನೂ ಹುರುಪಿನಿಂದ ಕುಣಿದವು. ಸಿಟ್ಟಿನಿಂದ ಹೊರಗೆ ಬಂದು ನೋಡಿದರೆ, ಅಂಗಳದ ಬುಟ್ಟಿಯೊಳಗೆ ಒದ್ದೆ ಧೋತರ ಹಾಸಿದೆ. ಅದರ ಮೇಲೆ ಶ್ಯಾವಿಗೆ. ಅಂಚಿನ ಸುತ್ತಲೂ ಶ್ಯಾವಿಗೆ. ಬಾಜೂ ಮನೆಯ ಅಜ್ಜಿ ಕೋಲು ಹಿಡಿದು ಕಾಗೆ ಓಡಿಸುತ್ತ ಕೂತಿದ್ದಾಳೆ.

“ಏನಜ್ಜಿ ಇದು?”

“ಶ್ಯಾವಿಗಿ. ಕಾಣವಲ್ದೇನು?”

“ಇದು ಸರ್ಕಾರದ್ದು ಐತಿ ಅಜ್ಜಿ.”

“ಬುಟ್ಟಿ ಅಷ್ಟ ಸರ್ಕಾರದ್ದು. ಶ್ಯಾವಿಗಿ ನಂದು. ಇಲ್ಲಿ ಬಿಸಲು ಛಲೋ ಬೀಳತೈತಿ, ನಾಯಿ ಕಾಟನೂ ಇಲ್ಲ.”

ಒಳಗೆ ಮಕ್ಕಳು ಬೊಬ್ಬೆ ಹಾಕುತ್ತಿದ್ದವು. ನಾನು ಹಲ್ಲು ಕಚ್ಚಿಕೊಂಡು, ಎರಡನೇ ಇಯತ್ತೆಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದೆ. ಚಿತ್ರ ಮುಗಿಲಿನಿಂದ ಬರುತ್ತವೆ, ಈ ಬುಟ್ಟಿಯಲ್ಲಿ ಬೀಳುತ್ತವೆ, ಇಲ್ಲಿಂದ ತಂತಿ ಹಿಡಿದು ಒಳಗೆ ಹೋಗುತ್ತವೆ ಎಂದೆ. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಮುಗಿಲು ನೋಡಿದಳು. ಆಮೇಲೆ ಶ್ಯಾವಿಗೆ ನೋಡಿದಳು.

“ಬಿದ್ದರ ಬೀಳಲಿ ತಗೋ ಯಪ್ಪಾ. ಒಣಗಿದ ಮ್ಯಾಲೆ ನಾನ ಆರಿಸಿ ತಗದು ಕೊಡ್ತೀನಿ.”

ಪಟಗ

ಗೊಂಬೆಯಾಟದಲ್ಲಿ ಗೌಡನ ಮೇಲೆ ಅನುಮಾನವಿದೆ ಎಂಬ ಸುದ್ದಿ ನಮ್ಮೂರ ಗೌಡರಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ನಾನು ಪೆಟ್ಟಿಗೆ ತೆರೆಯುವ ಮೊದಲೇ ಅವರು ಬಂದು ಟಿವಿಯ ಮುಂದೆ, ಎಲ್ಲ ಮಕ್ಕಳಿಗಿಂತ ಮುಂದೆ, ಪದ್ಮಾಸನ ಹಾಕಿ ಕೂತಿದ್ದರು. ತಲೆಯ ಮೇಲೆ ಇಷ್ಟೆತ್ತರದ ಪಟಗ.

“ಗೌಡ್ರ, ಇದು ಮಕ್ಕಳ ಕಾರ್ಯಕ್ರಮ್ರಿ,” ಎಂದೆ.

“ಇದು ನನ್ನ ಮರ್ಯಾದಿ ಪ್ರಶ್ನಿ ಐತಿ ಮಾಸ್ತರ. ಗೌಡ ಕಳ್ಳ ಅಂತ ತೋರಿಸಿಬಿಟ್ರ ನಾ ಕುಷ್ಟಗಿ ಸಂತ್ಯಾಗ ಹೆಂಗ ತಿರಗ್ಯಾಡ್ಲಿ?”

“ಅದು ಕಟ್ಟಿಗಿ ಗೊಂಬಿರಿ. ಅದಕ್ಕೂ ನಿಮಗೂ ಏನು ಸಂಬಂಧ?”

“ಮೀಸಿ ನೋಡ್ರಿ. ಅದು ನಂದ ಐತಿ.”

ಟಿವಿ ಹಚ್ಚಿ ನೋಡಿದೆ. ಗೊಂಬೆಯ ಮೀಸೆ ಅವರದೇ ಇತ್ತು. ನಾನು ವಾದ ಬಿಟ್ಟೆ. ಅಂದಿನಿಂದ ಎಡಗಡೆ ಕೂತ ಮಕ್ಕಳಿಗೆ ನರಿಯಷ್ಟೇ ಕಾಣುತ್ತಿತ್ತು, ಬಲಗಡೆಯವಕ್ಕೆ ಕಾಗೆಯಷ್ಟೇ. ನಡುವೆ ಕೂತ ಮಕ್ಕಳಿಗೆ ಪಟಗ. ಎರಡೂ ಕಡೆಯವರು ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರಿಂದ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ತಡೆಯಲಾರದೆ ಒಂದು ದಿನ ಕೈ ಮುಗಿದು, “ಗೌಡ್ರ, ಪಟಗ ಅಷ್ಟ ತಗದು ತೊಡಿ ಮ್ಯಾಲೆ ಇಟ್ಟಕೊಳ್ರಿ,” ಎಂದೆ.

ಗೌಡರು ಪರದೆಯ ಮೇಲಿನ ಗೊಂಬೆ ಗೌಡನ ಪಟಗದತ್ತ ಬೆರಳು ತೋರಿಸಿದರು. “ಅವ ಮೊದಲ ತೆಗೀಲಿ. ಆಮ್ಯಾಲೆ ನಾ ತೆಗೀತೀನಿ.”

ಸಾಹೇಬರು

ನಾಳೆ ಕಡೆಯ ಕಂತು ಎಂದು ಟಿವಿಯಲ್ಲಿ ಹೇಳಿದರು. ನಾನು ಮದುವೆ ಮನೆಯ ಯಜಮಾನನಂತೆ ತಯಾರಿ ಮಾಡಿದೆ. ಅಜ್ಜಿಗೆ ಶ್ಯಾವಿಗೆ ಹಾಕಲು ಎರಡು ಬೇವಿನ ಮರಗಳ ನಡುವೆ ಹಗ್ಗ ಕಟ್ಟಿಸಿಕೊಟ್ಟೆ. ಗೌಡರಿಗೆ ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, “ದೊಡ್ಡವರು ಹಿಂದ ಎತ್ತರದಾಗ ಕುಂತರ ಶೋಭಾ,” ಎಂದು ಹಿಂದಕ್ಕೆ ಸಾಗಹಾಕಿದೆ. ಕರೆಂಟೂ ಇತ್ತು. ಇನ್ನೇನು ಬೇಕು?

ಕತ್ತೆ ಕಳ್ಳನ ಗುರುತು ಹಿಡಿದೆನೆಂದು ತಲೆ ಅಲ್ಲಾಡಿಸಿತು. ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು. ಮಕ್ಕಳು ಟಿವಿಯನ್ನು ಹೇಗೆ ನೋಡುತ್ತಾರೆಂದು ನೋಡಲು ರಾಯಚೂರಿನಿಂದ ಸಾಹೇಬರೊಬ್ಬರು ಬಂದಿದ್ದರು. ಒಳ್ಳೆ ದೇಹದ ಆಳು. ನೆಟ್ಟಗೆ ಬಂದು ಟಿವಿಗೆ ಬೆನ್ನು ಕೊಟ್ಟು ನಿಂತು, ಟಿವಿಯ ಉಪಯೋಗಗಳ ಬಗ್ಗೆ ಭಾಷಣ ಶುರು ಮಾಡಿದರು. ನಾನು ಕೆಮ್ಮಿದೆ. ನೀರು ಕುಡಿಯಿರಿ ಎಂದು ನನಗೇ ಹೇಳಿದರು.

ಅವರ ಬೆನ್ನ ಹಿಂದೆ ಯಾರೋ ಅಳುತ್ತಿದ್ದರು, ಯಾರೋ ಕ್ಷಮೆ ಕೇಳುತ್ತಿದ್ದರು. ಯಾರೆಂದು ತಿಳಿಯುತ್ತಿರಲಿಲ್ಲ. ಒಮ್ಮೆಲೇ ಕತ್ತೆ ಗಟ್ಟಿಯಾಗಿ ಅರಚಿತು. ಕಳೆದ ದನಿ ಸಿಕ್ಕಿತಲ್ಲ ಎಂದು ಮಕ್ಕಳು ಚಪ್ಪಾಳೆ ತಟ್ಟಿದವು. ಚಪ್ಪಾಳೆ ತಮಗೇ ಎಂದುಕೊಂಡ ಸಾಹೇಬರು ಭಾಷಣವನ್ನು ಇನ್ನಷ್ಟು ಬೆಳೆಸಿದರು. ಕಡೆಗೆ, “ಯಾರಾದರೂ ಧೈರ್ಯವಾಗಿ ಒಂದು ಪ್ರಶ್ನೆ ಕೇಳಿ, ನೋಡೋಣ,” ಎಂದರು.

ಮೂರನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾಹೇಬ್ರ, ಒಂದೀಟ ಬಾಜೂಕ ಸರೀತೀರೇನ್ರಿ?”

ಸಾಹೇಬರು ಸರಿದರು. ಪರದೆಯ ಮೇಲೆ ‘ಮುಕ್ತಾಯ’ ಎಂದು ಬರೆದಿತ್ತು.

ಹಂಚು

ಅವತ್ತೇ ಸಂಜೆ ಗೌಡರು ನನ್ನ ಮನೆಗೆ ಬಂದರು. “ಮಾಸ್ತರ, ಕಳ್ಳ ಯಾರು?”

“ನನಗೂ ಸಾಹೇಬರ ಬೆನ್ನ ಕಂಡದ್ದು ಗೌಡ್ರ.”

“ಕೀಲಿ ನಿಮ್ಮ ಕೊಳ್ಳಾಗ ಇತ್ತು. ನಿಮಗ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರತೈತಿ?”

ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. ಒಲೆಯ ಮೇಲಿನ ಅನ್ನ ಸೀಯುತ್ತಿತ್ತು. “ನರಿ,” ಎಂದುಬಿಟ್ಟೆ. ಗೌಡರು ಮರುದಿನ ಇಡೀ ಶಾಲೆಗೆ ಬೆಲ್ಲ ಹಂಚಿದರು. ಸ್ವಲ್ಪ ದಿನಕ್ಕೆ ಸರ್ಕಾರದವರು ಬಂದು ಪೆಟ್ಟಿಗೆ, ಬುಟ್ಟಿ ಎರಡನ್ನೂ ಲಾರಿಗೆ ಹೇರಿಕೊಂಡು ಹೋದರು. ಪೀಡೆ ಕಳೆಯಿತು ಎಂದುಕೊಂಡೆ. ಎಲ್ಲಿಯದು? ನಮ್ಮಂತೆಯೇ ಸರ್ಕಾರದ ಟಿವಿ ಬಂದಿದ್ದ, ಯಲಬುರ್ಗಾ ಕಡೆಯ ಪಕ್ಕದ ಹಳ್ಳಿಯ ಮಾಸ್ತರು, ದನಿ ಕದ್ದವನು ಗೌಡನೇ ಎಂದು ಮಕ್ಕಳಿಗೆ ಹೇಳಿದ್ದಾರೆ ಎಂಬ ಸುದ್ದಿ ಬಂತು. ಗೌಡರು ಬಂಡಿ ಹೂಡಿಸಿ, ನನ್ನನ್ನು ಸಾಕ್ಷಿಗೆಂದು ಹತ್ತಿಸಿಕೊಂಡು ಅಲ್ಲಿಗೆ ಹೊರಟರು.

ಆ ಮಾಸ್ತರು ನನ್ನನ್ನು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು: “ಖರೆ ಹೇಳ್ರಿ, ಕಳ್ಳ ಯಾರು? ಅವತ್ತ ನಮ್ಮಲ್ಲಿ ಕರೆಂಟ ಇದ್ದಿಲ್ಲ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಹಂಗಾರ ಗೌಡ ಅಂತ ಯಾಕ ಹೇಳಿದ್ರಿ?”

“ನಮ್ಮೂರ ಗೌಡ ಸಾಲಿಗೆ ಹಂಚು ಹಾಕಸ್ತೀನಿ ಅಂತ ಹೇಳಿ ಹೇಳಿ ಮಳಿಗಾಲ ಕಳದಾನ. ಹಿಂಗರ ನಾಚಿಕಿ ಬರ್ಲಿ ಅಂತ ಹೇಳೀನಿ. ಹಂಚು ಬಿದ್ದ ದಿನ ನಾನೂ ನರಿ ಅಂತೀನಿ, ನಿಮ್ಮ ಗೌಡರಿಗೆ ಹೇಳ್ರಿ.”

ನಮ್ಮ ಗೌಡರು ಹೋಗಿ ಅವರ ಗೌಡರ ಕಿವಿ ಊದಿದರು. ಮಳೆಗಾಲಕ್ಕೆ ಮೊದಲೇ ಆ ಶಾಲೆಗೆ ಹಂಚು ಬಿದ್ದವು, ಕಳ್ಳ ನರಿಯಾದ.

ಬಾಗಿಲು

ಹತ್ತು ವರ್ಷ ಕಳೆಯಿತು. ನನಗೆ ಗಂಗಾವತಿಗೆ ವರ್ಗವಾಗಿತ್ತು. ಕತ್ತೆ ಮಾತ್ರ ನನ್ನ ತಲೆಯಿಂದ ಇಳಿದಿರಲಿಲ್ಲ. ಒಂದು ದಿನ ಗೌಡರು ಹೇಳಿಕಳಿಸಿದರು: “ಮನಿಗೆ ಟಿವಿ ತಂದೀನಿ. ನಿಮ್ಮ ಕತ್ತಿ ಮತ್ತ ಬಂದೈತಿ. ಬರೂ ಐತವಾರ ಮುಗೀತೈತಂತ, ಬರ್ರಿ.” ನಾನು ಮೊದಲನೇ ಬಸ್ಸಿಗೇ ಹೊರಟೆ.

ಗೌಡರ ಪಡಸಾಲೆ ತುಂಬಿತ್ತು. ಅಂದಿನ ಮಕ್ಕಳಿಗೆ ಈಗ ಮೀಸೆ ಬಂದಿತ್ತು. ಅಜ್ಜಿ ಗಟ್ಟಿಮುಟ್ಟಾಗಿದ್ದಳು. ಮಾಳಿಗೆಯ ಮೇಲಿನ ಹೊಸ ಆಂಟೆನಾ ಅವಳಿಗೆ ಸೇರಿರಲಿಲ್ಲ. “ಬರೇ ಕಡ್ಡಿ ಐತಿ. ಒಂದ ಸೀರಿನೂ ನೆಟ್ಟಗ ಒಣಗಂಗಿಲ್ಲ,” ಎಂದಳು. ಟಿವಿಗೆ ಎಡಕ್ಕೂ ಬಲಕ್ಕೂ ಸರಿಯುವ ಕಟ್ಟಿಗೆಯ ಬಾಗಿಲು, ಅದಕ್ಕೆ ಕೀಲಿ. ಕೀಲಿ ಈಗ ಗೌಡರ ಉಡಿದಾರದಲ್ಲಿತ್ತು. ನನ್ನನ್ನು ಎಲ್ಲರಿಗಿಂತ ಮುಂದೆ ಕೂರಿಸಿದರು. ಅಡ್ಡ ಯಾವ ಪಟಗವೂ ಇಲ್ಲ, ಸಾಹೇಬರೂ ಇಲ್ಲ.

ಮರದ ಕೆಳಗೆ ಪಂಚಾಯಿತಿ ಸೇರಿತು. ನರಿ, ಕಾಗೆ, ಗೌಡ ಸಾಲಾಗಿ ನಿಂತರು. ಕತ್ತೆ ಮೂವರನ್ನೂ ಒಮ್ಮೆ ನೋಡಿತು. ತಲೆ ಅಲ್ಲಾಡಿಸಿತು. ಒಂದು ಹೆಜ್ಜೆ ಮುಂದಿಟ್ಟಿತು.

ಗೌಡರು ಎದ್ದು ಬಂದು ಎರಡೂ ಬಾಗಿಲು ಎಳೆದು ಕೀಲಿ ಹಾಕಿದರು.

“ಗೌಡ್ರ,” ಎಂದೆ. ಗಂಟಲಲ್ಲಿ ದನಿಯೇ ಬರಲಿಲ್ಲ. “ಮುಗೀಲಿಕ್ಕೆ ಒಂದ ನಿಮಿಷ ಐತ್ರಿ.”

“ಬ್ಯಾಡ್ರಿ ಮಾಸ್ತರ. ನೀವು ನರಿ ಅಂತ ಹೇಳೀರಿ, ಎರಡು ಊರು ನಂಬ್ಯಾವ. ಇವತ್ತ ಈ ಪೆಟಿಗಿ ಬ್ಯಾರೆ ಏನರ ಅಂದ್ರ ಇಷ್ಟ ಮಂದ್ಯಾಗ ನೀವು ಸುಳ್ಳ ಆಗ್ತೀರಿ. ನನ್ನ ಮನ್ಯಾಗ ನಮ್ಮ ಮಾಸ್ತರಿಗೆ ಅವಮಾನ ಆಗಾಕ ನಾ ಬಿಡಂಗಿಲ್ಲ.”

“ಹೌದ್ರಿ, ಮಾಸ್ತರು ಹೇಳಿದ್ದ ಖರೆ,” ಎಂದು ಇಡೀ ಪಡಸಾಲೆ ತಲೆದೂಗಿತು. ಬಾಗಿಲ ಹಿಂದೆ ಯಾರೋ ಅಳುತ್ತ ಕ್ಷಮೆ ಕೇಳುತ್ತಿದ್ದರು. ಕಿವಿ ಹಚ್ಚೋಣವೆಂದು ಬಾಗಿದೆ. ಅಷ್ಟರಲ್ಲಿ ಅಜ್ಜಿ ಶ್ಯಾವಿಗೆ ಪಾಯಸದ ಬಟ್ಟಲನ್ನು ನನ್ನ ಕೈಯಲ್ಲಿಟ್ಟು, “ಬಿಸಿ ಐತಿ, ಮೊದಲ ಉಣ್ಣು,” ಎಂದಳು. ಒಳಗೆ ಕತ್ತೆ ಗಟ್ಟಿಯಾಗಿ ಅರಚಿತು.

ಕತ್ತೆಯ ದನಿ ಕದ್ದವರು ಯಾರೆಂದು ಎರಡು ಊರಿಗೂ ಚೆನ್ನಾಗಿ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ.