ಸೌರ ಸೂರಿಗೊಂದು ಮುಸುಕು

ಎಲ್ಲಕ್ಕೂ ಕಾರಣ ಒಂದು ಕಾಗೆ.

ನಗರಸಭೆಯ ವಾಹನಗಳು ನಿಲ್ಲುವ ಅಂಗಳಕ್ಕೆ ಹೊಸದಾಗಿ ಸೌರಫಲಕಗಳ ಸೂರು ಬಂದಿತ್ತು. ಕೆಳಗೆ ಕಸದ ಲಾರಿ, ನೀರಿನ ಟ್ಯಾಂಕರು, ಬೆಂಕಿ ಆರಿಸುವ ಬಂಡಿ ನೆರಳಲ್ಲಿ ನಿಲ್ಲಬೇಕು; ಮೇಲೆ ಬಿದ್ದ ಬಿಸಿಲು ಕರೆಂಟಾಗಿ ಕಚೇರಿಗೆ ಹರಿಯಬೇಕು. ಎಷ್ಟು ಕರೆಂಟು ಬರುತ್ತಿದೆಯೆಂದು ಊರಿಗೆಲ್ಲ ಕಾಣಲಿ ಅಂತ ಗೇಟಿನ ಮೇಲೆ ಕೆಂಪು ಅಂಕಿಗಳ ಬೋರ್ಡು ಬೇರೆ. ಮಧ್ಯಾಹ್ನ ಕಮಿಷನರ್ ಮೇಡಂ ಬಂದು ಉದ್ಘಾಟನೆ ಮಾಡುವವರಿದ್ದರು. ಬೆಳಿಗ್ಗೆ ಅಂಗಳದ ಮೇಲ್ವಿಚಾರಕ ಏಣಿ ಹತ್ತಿ ನೋಡಿದರೆ, ನಟ್ಟನಡುವಿನ ಫಲಕದ ಮೇಲೆ ಕಾಗೆ ತನ್ನ ಉದ್ಘಾಟನೆ ಮುಗಿಸಿಕೊಂಡು ಹೋಗಿತ್ತು.

ಈ ಮೇಲ್ವಿಚಾರಕನನ್ನು ಕಚೇರಿಯವರೆಲ್ಲ ಕರೆಯುತ್ತಿದ್ದದ್ದು ‘ಗಾಬರಿ’ ಅಂತಲೇ. ಫೋನು ಬಡಿದುಕೊಂಡರೆ ಎದ್ದು ನಿಲ್ಲುವ, ಲಾರಿ ಹಾರ್ನ್ ಹೊಡೆದರೆ ಲಾರಿಗೇ ಕ್ಷಮೆ ಕೇಳುವ ಜೀವ. ಇವತ್ತಿನ ಗಾಬರಿಗೆ ಮಾತ್ರ ಸರಿಯಾದ ಕಾರಣವೇ ಇತ್ತು. “ಫಲಕದ ಮೇಲೆ ಒಂದು ಕಲೆ ಕಂಡ್ರೂ ನಿಮ್ಮನ್ನ ಕಸದ ಗುಡ್ಡಕ್ಕೆ ಹಾಕ್ತೀನಿ” ಎಂದು ಮೇಡಂ ಎಚ್ಚರಿಸಿದ್ದರು. ಕಸದ ಗುಡ್ಡವೆಂದರೆ ಊರಾಚೆ, ಇಡೀ ಊರಿನ ಹೊಲಸು ಹೋಗಿ ಬೀಳುವ ಜಾಗ. ಅಲ್ಲಿ ಕೆಲಸ ಮಾಡುವವರ ಪಕ್ಕ ಬಸ್ಸಿನಲ್ಲಿ ಯಾರೂ ಕೂರುವುದಿಲ್ಲ. “ಅಲ್ಲಿಗೇನಾದ್ರೂ ವರ್ಗ ಆದ್ರೆ ನಿಮ್ಮ ಹಾಸಿಗೆ ಹಿತ್ತಿಲಲ್ಲೇ” ಎಂದು ಹೆಂಡತಿಯೂ ತೀರ್ಪು ಕೊಟ್ಟಾಗಿತ್ತು.

“ಅಷ್ಟಕ್ಕೇ ಯಾಕೆ ಹೀಗೆ ನಡುಗ್ತಿದೀಯಾ?” ಎಂದ ಬೆಂಕಿ ಬಂಡಿಯ ಡ್ರೈವರು. “ಪೈಪು ಬಿಡ್ತೀನಿ ತಡಿ.”

ಬಿಟ್ಟ. ನೀರು ಫಲಕಕ್ಕೆ ಬಡಿದು, ಅಲ್ಲಿಂದ ಚಿಮ್ಮಿ, ಎದುರುಮನೆ ಮಹಡಿಯಲ್ಲಿ ಒಣಗುತ್ತಿದ್ದ ಬಟ್ಟೆಯನ್ನೆಲ್ಲ ಇನ್ನೊಂದು ಸಲ ಒಗೆದು ಹಾಕಿತು. ಆ ಮನೆಯ ಟೀಚರಮ್ಮ ತೊಟ್ಟಿಕ್ಕುವ ದುಪ್ಪಟಿ ಹಿಡಿದು ಮಹಡಿಯ ಅಂಚಿಗೆ ಬಂದರು.

“ಏನ್ರೀ, ಕಣ್ಣು ಕಾಣಲ್ವಾ?”

“ತಪ್ಪಾಯ್ತಮ್ಮಾ! ಕಾಗೆ ಗಲೀಜು ಮಾಡಿತ್ತು, ತೊಳೀತಿದ್ವಿ!” ಎಂದು ಗಾಬರಿ ಕೈ ಮುಗಿದ.

ಟೀಚರಮ್ಮನ ಸಿಟ್ಟಿಗಿಂತ ಬುದ್ಧಿ ಹೇಳುವ ಚಪಲ ದೊಡ್ಡದು. “ತೊಳೆದು ಹಾಗೇ ಬಿಟ್ರೆ ಇನ್ನೊಂದು ಕಾಗೆ ಬರಲ್ವಾ? ನಮ್ಮನೆ ಸೋಫಾ ತಂದು ಅದೆಷ್ಟು ಕಾಲ ಆಯ್ತು, ಇವತ್ತಿಗೂ ಪ್ಲಾಸ್ಟಿಕ್ ಕವರ್ ತೆಗೆದಿಲ್ಲ ನಾನು. ಹೊಸದಾಗೇ ಇದೆ! ಮುಚ್ಚಿ ಇಡ್ರಿ!”

ಗಾಬರಿಗೆ ಹೋದ ಪ್ರಾಣ ಬಂದಂತಾಯಿತು. ಅವನ ಮನೆಯಲ್ಲೂ ಟಿವಿ ರಿಮೋಟು ಇನ್ನೂ ಪ್ಲಾಸ್ಟಿಕ್ ತೊಟ್ಟೆಯೊಳಗೇ ಇತ್ತು. ಕಸದ ಲಾರಿಯ ಡ್ರೈವರು ಉಗ್ರಾಣದಿಂದ ಹೊಸ ಟಾರ್ಪಾಲುಗಳನ್ನು ಹೊತ್ತು ತಂದ. ಒಂದಕ್ಕೊಂದು ಜೋಡಿಸಿ, ಸೂರಿನ ಉದ್ದಕ್ಕೂ ಹೊದಿಸಿ, ಹಗ್ಗ ಬಿಗಿದರು. ಗಾಬರಿ ಮುಖ ಒರೆಸಿಕೊಂಡು ಗೇಟಿನತ್ತ ತಿರುಗಿದ. ಬೋರ್ಡಿನಲ್ಲಿ ದುಂಡಗೆ ಸೊನ್ನೆ.

ಫಲಕ ಕೂರಿಸಿದ್ದ ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದ.

“ಬೋರ್ಡು ಕೆಟ್ಟಿದೆ ಕಣಯ್ಯಾ!”

“ಫಲಕದ ಮೇಲೆ ಏನಾದ್ರೂ ಬಿದ್ದಿದ್ಯಾ ನೋಡಿ ಸಾರ್.”

“ಛೆ ಛೆ, ಏನೂ ಬೀಳಬಾರ್ದು ಅಂತಾನೇ ಪೂರ್ತಿ ಟಾರ್ಪಾಲು ಮುಚ್ಚಿದೀವಲ್ಲ!”

“ಸಾರ್, ಒದ್ದೆ ಬಟ್ಟೆನ ಪೆಟ್ಟಿಗೇಲಿಟ್ಟು ಒಣಗ್ಲಿಲ್ಲ ಅಂತೀರಲ್ಲ! ಮೊದ್ಲು ಅದನ್ನ ತೆಗೀರಿ. ಬಿಸಿಲು ಬಿದ್ದು ಐದಾರು ನಿಮಿಷ ಆದ್ಮೇಲೇ ಮಿಷನ್ ಏಳೋದು.”

ತೆಗೆಯುವುದೆಲ್ಲಿ? ಒದ್ದೆಯಾದ ಗಂಟುಗಳು ಜಪ್ಪಯ್ಯ ಅಂದರೂ ಬಿಚ್ಚಲೊಲ್ಲವು. ಗಾಬರಿ ಹಲ್ಲು ಹಚ್ಚಿದ, ಲಾರಿ ಡ್ರೈವರು ಕುಡುಗೋಲು ಹಚ್ಚಿದ. ಒಂದೇ ಒಂದು ಹಗ್ಗ ಉಳಿದಿದೆ ಅನ್ನುವಾಗ ಮೇಡಂ ಕಾರು ಬಂದೇಬಿಟ್ಟಿತು.

“ಏನ್ರೀ ಇದು ಮುಸುಕು?”

ಬೆಂಕಿ ಬಂಡಿಯವನೇ ಬಾಯಿ ಹಾಕಿದ: “ಅನಾವರಣ ಮೇಡಂ! ತಾವೇ ಹಗ್ಗ ಎಳೀಬೇಕು ಅಂತ ನಮ್ಮ ಸಾಹೇಬ್ರ ಐಡಿಯಾ!”

ಮೇಡಂ ಮುಖ ಅರಳಿತು. ಹಗ್ಗ ಎಳೆದರು. ಟಾರ್ಪಾಲು ಸರಸರನೆ ಜಾರಿ, ಫೋಟೋ ತೆಗೆಯುವವನನ್ನು ನುಂಗಿಕೊಂಡು ನೆಲಕ್ಕೆ ಬಿತ್ತು. ಫಲಕಗಳು ಫಳಫಳ ಹೊಳೆದವು. ಸೇರಿದ್ದ ಜನ ಚಪ್ಪಾಳೆ ತಟ್ಟಿದರು. ಮೇಡಂ ಕಣ್ಣು ಬೋರ್ಡಿನ ಮೇಲೆ ಹೋಯಿತು.

“ಸೊನ್ನೆ ಯಾಕ್ರೀ ಇದೆ?”

“ತಾವು… ತಾವು ಮೊದ್ಲು ನಾಲ್ಕು ಮಾತಾಡ್ಬೇಕು ಮೇಡಂ. ಆಮೇಲೇ ಅದು ಹತ್ತೋದು” ಎಂದ ಗಾಬರಿ.

ಹಾಗೆ ಯಾರೂ ಅವರನ್ನು ಕೇಳಿಕೊಂಡ ಉದಾಹರಣೆಯೇ ಇರಲಿಲ್ಲ. ಮೇಡಂ ಸೂರ್ಯ ಹುಟ್ಟಿದಲ್ಲಿಂದ ಶುರು ಮಾಡಿದರು. ಅವರು “ಕೊನೆಯದಾಗಿ” ಅಂದಾಗಲೆಲ್ಲ ಗಾಬರಿ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ. ಅವರು ಹುರುಪಿನಿಂದ ಮತ್ತೆ ಮೊದಲಿಗೆ ಹೋಗುತ್ತಿದ್ದರು. ಅವನು ಬೋರ್ಡು ನೋಡುತ್ತ ಬೆವರಿ ಬೆವರಿ ನೀರಾಗಿದ್ದ. ಕೊನೆಗೂ ಸೊನ್ನೆ ಮಿಣುಕಿತು, ಒಂದಾಯಿತು, ಆಮೇಲೆ ಅಂಕಿಗಳು ಸರಸರ ಏರಿದವು. ಗಾಬರಿಗೆ ಅಳುವೇ ಬಂತು.

ಮೇಡಂ ಹತ್ತಿರ ಬಂದು ಅವನ ಕೈ ಕುಲುಕಿದರು. “ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ. ಒಂದು ಕಲೆ ಇಲ್ಲ, ಒಂಚೂರು ಧೂಳಿಲ್ಲ! ಇಷ್ಟು ಜೋಪಾನ ಮಾಡೋರು ನಮ್ಮಲ್ಲಿ ಇನ್ನೊಬ್ರಿಲ್ಲ.”

“ಎಲ್ಲ ತಮ್ಮ ದಯೆ ಮೇಡಂ.”

“ನಿಮ್ಮಂಥೋರು ಈ ಸಣ್ಣ ಅಂಗಳದಲ್ಲಿ ಇರಬಾರ್ದು. ಇದರ ಹತ್ತರಷ್ಟು ದೊಡ್ಡ ಸೂರು ಹಾಕ್ತಿದೀವಿ, ಬಡ್ತಿ ಕೊಟ್ಟು ನಿಮ್ಮನ್ನೇ ಅದಕ್ಕೆ ಕಳಿಸ್ತೀನಿ. ನಾಳೆನೇ ಹೊರಡಿ.”

ಗಾಬರಿ ಜೀವಮಾನದಲ್ಲಿ ಮೊದಲ ಸಲ ಎದೆಯುಬ್ಬಿಸಿ ನಿಂತ. “ಎಲ್ಲಿಗೆ ಮೇಡಂ?”

“ಅಷ್ಟು ದೊಡ್ಡ ಜಾಗ ನಮ್ಮ ಹತ್ರ ಇನ್ನೆಲ್ಲಿದೆ? ಕಸದ ಗುಡ್ಡಕ್ಕೆ!”

ಜನರೆಲ್ಲ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು.