ಕಾಫಿ ಅಂಗಡಿಯಲ್ಲಿ ನನ್ನ ಗಿಟಾರು ಕೇಳಿದವರು

ಮೈಕಿಲ್ಲದೆ ಹಾಡುವವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ, ತಿಪಟೂರಿನಲ್ಲಿ ಅದು ಕಾಫಿಯ ಜೊತೆಗೇ ಬರುತ್ತದೆ. ಮಿಕ್ಕ ದಿನ ನಾನು ಹೈಸ್ಕೂಲಿನ ಗಣಿತದ ಮೇಷ್ಟ್ರು. ಶನಿವಾರ ಸಂಜೆ ಮಾತ್ರ ಗಿಟಾರು ಹಿಡಿದು, ಪೇಟೆಯ ಹೊಸ ಕಾಫಿ ಅಂಗಡಿಯ ಮೂಲೆಯಲ್ಲಿ ಕೂತು ನಾನೇ ಕಟ್ಟಿದ ಹಾಡು ಹಾಡುತ್ತೇನೆ. ಮಾಲೀಕರು ಮೊದಲೇ ಷರತ್ತು ಹಾಕಿದ್ದರು.

"ನಾಲ್ಕು ಶನಿವಾರ ನೋಡಾಣ ಮೇಷ್ಟ್ರೇ. ಒಬ್ಬರಾದ್ರೂ ಕಿವಿಗೊಟ್ಟು ಕೇಳಿದ್ರೆ ಮುಂದುವರಿಸಿ. ಇಲ್ದಿದ್ರೆ ಆ ಜಾಗಕ್ಕೆ ಟೀವಿ ತತ್ತೀನಿ."

ಒಬ್ಬರು ಸಾಕು ಅಂದ ಮೇಲೆ ಭಯವೇನು ಅಂದುಕೊಂಡೆ. ಗಣಿತದ ಮೇಷ್ಟ್ರ ಲೆಕ್ಕವೂ ತಪ್ಪುತ್ತದೆ.

ಚಪ್ಪಾಳೆ

ಮೊದಲ ಶನಿವಾರವೇ ತಂತಿ ಮೀಟುವ ಪಿಕ್ಕು ಎಲ್ಲೋ ಕಳೆದುಹೋಯಿತು. ಬೆರಳಲ್ಲೇ ನುಡಿಸುತ್ತಿದ್ದೆ. ಹೊನ್ನವಳ್ಳಿಯ ರೈತರೊಬ್ಬರು ಫೋನನ್ನು ಕಿವಿಗೊತ್ತಿಕೊಂಡು ನನ್ನತ್ತ ಕೈಯಾಡಿಸಿದರು.

"ಸ್ವಾಮಿ, ಒಂಚೂರು ಮೆಲ್ಲಗೆ. ತೋಟದಾಗೆ ಬೋರ್ ಕೊರೀತಾವ್ರೆ."

ಮೆಲ್ಲಗೆ ಹಾಡಿದೆ. ಅಷ್ಟರಲ್ಲಿ ಅಂಗಡಿಯಲ್ಲಿದ್ದವರೆಲ್ಲ ಲೋಟ ಕೆಳಗಿಟ್ಟು ರೈತರ ಫೋನಿನತ್ತ ವಾಲಿದ್ದರು. ನನಗೂ ತಡೆಯಲಾಗಲಿಲ್ಲ. ಹಾಡನ್ನು ಅರ್ಧಕ್ಕೇ ನಿಲ್ಲಿಸಿ, "ಎಷ್ಟು ಅಡಿಗೆ ಹೋದ್ರಂತೆ?" ಎಂದು ಕೇಳಿದೆ.

"ನೀರು ಬಿತ್ತು" ಎಂದರು. ಅಂಗಡಿ ತುಂಬಾ ಚಪ್ಪಾಳೆ. ಚಪ್ಪಾಳೆ ಕೇಳಿದ ಖುಷಿಗೆ ನಾನು ಎದ್ದು ನಿಂತು ಎಲ್ಲರಿಗೂ ಕೈ ಮುಗಿದೆ.

ಮರ ಎಷ್ಟು?

ಎರಡನೆಯ ವಾರ ಚಿಕ್ಕನಾಯಕನಹಳ್ಳಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಂದು, ನನ್ನನ್ನೇ ನೋಡುತ್ತಾ ಕೂತರು. ಹಾಡು ಮುಗಿದಾಗ ಹತ್ತಿರ ಕರೆದರು. ಅಂತೂ ಒಬ್ಬರು ಸಿಕ್ಕರು ಎಂದು ಓಡಿದೆ.

"ನಿಂಗೆ ಎಷ್ಟು ತೆಂಗಿನ ಮರ ಐತಪ್ಪ?"

"ಒಂದೂ ಇಲ್ಲ ಅಜ್ಜಿ."

"ಅಂಗೇ ಅಂದ್ಕಂಡೆ" ಎಂದು ಅಜ್ಜಿ ಮೊಮ್ಮಗಳತ್ತ ತಿರುಗಿದರು. "ಪಾಪ, ಮರ ಇದ್ದಿದ್ರೆ ಯಾಕೆ ಹಿಂಗೆ ಕೂಗ್ತಿದ್ದ? ಆ ಬನ್ನು ಅವನಿಗೆ ಕೊಡು."

ಬನ್ನು ಚೆನ್ನಾಗಿತ್ತು.

ಕರೆಂಟು

ಮೂರನೆಯ ವಾರ ಕರೆಂಟು ಹೋಯಿತು. ಫ್ಯಾನಿನ ಸದ್ದು ನಿಂತದ್ದನ್ನು ಎಲ್ಲರೂ ಗಮನಿಸಿದರು. ನನ್ನ ಸದ್ದು ನಿಂತಿರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಮಾಲೀಕರು ಟೇಪು ಹಿಡಿದು ನನ್ನ ತಲೆಯ ಮೇಲಿನ ಗೋಡೆಯನ್ನು ಅಳೆಯುತ್ತಿದ್ದರು.

ಕೊನೆಯ ಶನಿವಾರ

ಅವತ್ತು ತುರುವೇಕೆರೆ ಕಡೆಯ ಹಿರಿಯರೊಬ್ಬರು ಬಂದರು. ಕೊಬ್ಬರಿ ಮಾರಲು ಬಂದವರು. ನಾನು ಶುರು ಮಾಡಿದ್ದೇ ತಡ, ಕಣ್ಣು ಮುಚ್ಚಿ ಒಂದು ಕಿವಿಯನ್ನು ನನ್ನತ್ತ ಕೊಟ್ಟು ಕೂತರು. ಕಾಫಿ ಆರಿಹೋದರೂ ಮುಟ್ಟಲಿಲ್ಲ. ನನಗೆ ಎದೆ ತುಂಬಿ ಬಂತು. ತೂಗಾಡುತ್ತಾ, ಇದ್ದಬದ್ದ ಹಾಡನ್ನೆಲ್ಲ ಅವರೊಬ್ಬರಿಗಾಗಿಯೇ ಹಾಡಿದೆ. ಮಾಲೀಕರೂ ಬೆರಗಾಗಿ ನಿಂತರು.

ಮುಗಿದ ಮೇಲೆ ಹಿರಿಯರು ಎದ್ದು ಬಂದು, ನನ್ನ ಕೈಯಿಂದ ಗಿಟಾರು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚೂಕಡಿಮೆ ವರ್ಷ ಕಾಯುತ್ತಾರೆ. ಅಲ್ಲಾಡಿಸಿದಾಗ ಒಳಗೆ ಲೊಡಲೊಡ ಅಂದರೆ ಕೊಬ್ಬರಿಯಾಯಿತು ಎಂದು ಅರ್ಥ.

"ಒಣಗೈತೆ ಮೇಷ್ಟ್ರೇ" ಎಂದರು. "ಸುಲೀಬೋದು."

ಗಿಟಾರನ್ನು ಬೋರಲು ಮಾಡಿ ಒಂದು ಸಲ ಕೊಡವಿದರು. ಮೂರು ವಾರದಿಂದ ಒಳಗೇ ಲೊಡಲೊಡ ಅನ್ನುತ್ತಿದ್ದರೂ ನನ್ನ ಕಿವಿಗೇ ಬೀಳದಿದ್ದ ಪಿಕ್ಕು ಮೇಜಿನ ಮೇಲೆ ಬಿತ್ತು.

ಮಾಲೀಕರು ಮೆಲ್ಲಗೆ ಕೇಳಿದರು, "ಯಜಮಾನ್ರೇ, ಹಾಡು ಹೆಂಗಿತ್ತು?"

"ಹಾಡು ಅಡ್ಡ ಬತ್ತಿತ್ತು ಕಣ್ರೀ. ಇಲ್ದಿದ್ರೆ ಇನ್ನೂ ಸಲೀಸಾಗಿ ಕೇಳಿಸ್ತಿತ್ತು."

ಮಾಲೀಕರು ಮಾತಿಗೆ ತಪ್ಪುವವರಲ್ಲ. "ಕಿವಿಗೊಟ್ಟು ಕೇಳಿದ್ದಂತೂ ದಿಟ. ನಡೀಲಿ ಬುಡಿ ಮೇಷ್ಟ್ರೇ" ಎಂದರು.

ಮುಂದಿನ ಶನಿವಾರ ಹಿರಿಯರು ಮತ್ತೆ ಬಂದು, ಎದುರಿಗೇ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿದರು. ಒಂದು ಹಾಡು ಮುಗಿಯುವಷ್ಟರಲ್ಲಿ, "ಇವತ್ತು ಏನೂ ಕೇಳಿಸ್ತಿಲ್ವಲ್ಲ" ಎಂದು ಎದ್ದು ಹೊರಟೇಬಿಟ್ಟರು. ಇದ್ದದ್ದೇ ಒಬ್ಬ ಕೇಳುಗ. ನಿಜವಾಗಿ ಅಳು ಬಂತು.

ಈಗ ಪ್ರತಿ ಶನಿವಾರ ಹಾಡುವ ಮೊದಲು ಪಿಕ್ಕನ್ನು ನಾನೇ ಗಿಟಾರಿನೊಳಗೆ ಹಾಕಿಕೊಳ್ಳುತ್ತೇನೆ. ಅವರು ಕೊನೆಯ ಹಾಡಿನವರೆಗೂ ಕೂರುತ್ತಾರೆ.