ಅವ್ವನ ಹಾಡಿನ ಮೂರನೆಯ ಚರಣ

ಬದುಕಿದ್ದಷ್ಟು ಕಾಲ ನನ್ನ ಅವ್ವ ನನ್ನ ಹೆಂಡತಿಯ ಜೊತೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದವಳಲ್ಲ. ಉಪ್ಪು, ಒಲೆ, ಒಣಮೀನು ಹುರಿಯುವ ಕ್ರಮ, ಮೊಮ್ಮಗನ ಹೆಸರು, ಒಂದರಲ್ಲೂ ಇಲ್ಲ. ಈಸ್ಟರ್ ಕಳೆದ ಮೇಲೆ ಅವ್ವ ತೀರಿಕೊಂಡಳು. ಆಮೇಲೆ ಇಬ್ಬರೂ ಒಂದೇ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದರು. ಆ ವಿಷಯ ನಾನು.

ನಾನು ಯೋಬೆ ಹರಾವಾ, ಸರೋವರದ ದಂಡೆಯ ಚಿಲುಂಬ ಊರಿನ ದರ್ಜಿ. ಹೆಂಡತಿ ನ್ಯಾಲೋಂಗ್ವೆ. ಮಗನಿಗೆ ಸುಜ್ಗೋ ಎಂದು ಹೆಸರಿಟ್ಟಿದ್ದೇವೆ. ನಮ್ಮ ಮಾತಿನಲ್ಲಿ ಸುಜ್ಗೋ ಎಂದರೆ ತಾಪತ್ರಯ. (ಕಷ್ಟಕಾಲದಲ್ಲಿ ಹುಟ್ಟಿದ, ಆ ಹೆಸರೇ ಸಿಕ್ಕಿತು.) ಅವನೀಗ ಮ್ಜೂಜು ಪಟ್ಟಣದಲ್ಲಿ ಬಾಡಿಗೆ ವ್ಯಾನು ಓಡಿಸಿಕೊಂಡು ಹಾಯಾಗಿದ್ದಾನೆ. ಹೆಂಡತಿ ಮಾತ್ರ ಇಂದಿಗೂ ನನ್ನನ್ನು ಬೀದಿಗೆಲ್ಲ ಕೇಳುವಂತೆ 'ಸುಜ್ಗೋ ಅಪ್ಪ' ಎಂದೇ ಕರೆಯುತ್ತಾಳೆ. ತಾಪತ್ರಯದ ಪಿತಾಮಹನಾಗಿ ನಾನು ಓಗೊಡುತ್ತೇನೆ.

ನಮ್ಮ ಸರೋವರದ ದಂಡೆಯುದ್ದಕ್ಕೂ ಕ್ರಿಸ್‌ಮಸ್ ದಿನ ಅವ್ವ ಕಟ್ಟಿದ ಹಾಡನ್ನು ಹಾಡದ ಕ್ರೈಸ್ತ ಸಭೆಯಿಲ್ಲ. ಎರಡು ಚರಣದ ಹಾಡು. ಮೊದಲನೆಯದರಲ್ಲಿ ತುಂಬಿದ ಬಸುರಿ ಮರಿಯಳು ಮಳೆಯಲ್ಲಿ ನಮ್ಮ ದಂಡೆಗೆ ಬಂದು ಬಾಗಿಲು ಬಾಗಿಲು ತಟ್ಟುತ್ತಾಳೆ. ಎರಡನೆಯದರಲ್ಲಿ ಮೀನುಗಾರರು ಬಲೆ ಕೆಳಗಿಟ್ಟು ಅವಳಿಗಾಗಿ ಬೆಂಕಿ ಹಚ್ಚುತ್ತಾರೆ. ಹಾಡು ಅವ್ವನದಾದರೂ ಅದು ಹುಟ್ಟಿದ ಕಥೆಯನ್ನು ಹೇಳುವ ಹಕ್ಕು ನನ್ನದು. ಕೆಲವರಿಗೆ ಪಿತ್ರಾರ್ಜಿತ ಆಸ್ತಿ ಇರುತ್ತದೆ, ನನ್ನದು ಮಾತ್ರಾರ್ಜಿತ. (ಮಾತೆಯಿಂದಲೂ ಬಂದದ್ದು, ಮಾತಿನಿಂದಲೂ ಬಂದದ್ದು.)

ಕಥೆ ಹೀಗೆ. ನಾನಿನ್ನೂ ಹೊಟ್ಟೆಯಲ್ಲಿದ್ದೆ. ಅವ್ವ ಒಬ್ಬಳೇ ದಂಡೆಯಲ್ಲಿ ಕೂತಿದ್ದಳು. ಮಳೆಗಾಲದ ಆರಂಭದಲ್ಲಿ ನೀರಿನಿಂದ ಏಳುತ್ತವಲ್ಲ ನೊಣಗಳು, ಕೋಟಿ ಕೋಟಿ ಸೇರಿ ಕಪ್ಪು ಹೊಗೆಯ ಕಂಬದ ಹಾಗೆ, ಅಂಥದೊಂದು ಕಂಬ ನೀರಿನ ಮೇಲೆ ನಡೆದುಕೊಂಡು ಅವಳ ಮುಂದೆ ಬಂದು ನಿಂತಿತು. ಅದರೊಳಗಿಂದ ದೇವದೂತ ಹಾಡಿದ. ಅವ್ವ ಕೇಳಿ ಕಲಿತಳು. ಇದನ್ನು ಅವ್ವ ಹೇಳಿದಳೇ ಎಂದು ಕೇಳಬೇಡಿ. ನಾನು ಹೇಳುವಾಗ ಅವಳು ನಶ್ಯ ಏರಿಸಿ ಸರೋವರ ನೋಡುತ್ತಿದ್ದಳು. ಅದನ್ನೇ ಸಮ್ಮತಿ ಎಂದುಕೊಂಡೆ. ವರ್ಷ ಕಳೆದಂತೆ ದೇವದೂತರ ಸಂಖ್ಯೆ ಸ್ವಲ್ಪ ಬೆಳೆದದ್ದು ನಿಜ.

"ಹೋದ ವರ್ಷ ಹನ್ನೆರಡು ಜನ ಬಂದಿದ್ರು," ಎಂದಳು ನ್ಯಾಲೋಂಗ್ವೆ ಡಿಸೆಂಬರ್ ಹುಟ್ಟುತ್ತಲೇ. "ಈ ಸಲ ಎಷ್ಟು ಜನಕ್ಕೆ ಅಕ್ಕಿ ಹಾಕ್ಲಿ?"

ಅವಳು ಚರ್ಚಿನಲ್ಲಿ ಆ ಹಾಡು ಬಂದಾಗ ಬಾಯಿ ಹೊಲಿದುಕೊಳ್ಳುವವಳು. ಮದುವೆಯಾದ ಹೊಸದರಲ್ಲಿ ಹಾಡಿದ್ದಳು. ಬಲೆಗೆ ಸಿಕ್ಕಿದ ಮೇಕೆಯ ದನಿ ಎಂದು ಅವ್ವ ಹೇಳಿದಳು. ಅಂದಿನಿಂದ ಮೌನ.

ಈ ಸಲದ ಹಬ್ಬ ಮಾತ್ರ ಸಾಮಾನ್ಯದ್ದಲ್ಲ. ದಂಡೆಯ ಸಭೆಗಳೆಲ್ಲ ಚಿಲುಂಬದಲ್ಲಿ ಸೇರಿ ತಂತಮ್ಮ ಮೆಚ್ಚಿನ ಹಾಡು ಹಾಡಬೇಕು, ಅದು ಹುಟ್ಟಿದ ಕಥೆಯನ್ನೂ ಹೇಳಬೇಕು, ಸಭಾಪಾಲಕರಿಗೆ ಹಿಡಿಸಿದ್ದು ಹೊಸ ಕೀರ್ತನೆ ಪುಸ್ತಕಕ್ಕೆ ಹೋಗುತ್ತದೆ ಎಂದು ನಿಶ್ಚಯವಾಗಿತ್ತು. ನಮ್ಮ ಗಾಯಕರ ತಂಡದ ಯಜಮಾನ ಕಲುವಾ ಮೇಷ್ಟ್ರು ಬಂದು, "ಕಥೆ ನಿಂದೇ ಕಣಯ್ಯಾ," ಎಂದರು. ನಾನು ತಕ್ಷಣ ಬಿಳಿ ಕೋಟೊಂದನ್ನು ಕತ್ತರಿಸಿ ಹೊಲಿಯಲು ಕೂತೆ.

"ನನ್ನ ರವಿಕೆ?" ಎಂದಳು ನ್ಯಾಲೋಂಗ್ವೆ. ಮಹಿಳಾ ಸಂಘದ ಸಮವಸ್ತ್ರದ ಬಟ್ಟೆ ಮಳೆಗೆ ಮುಂಚಿನಿಂದ ನನ್ನ ಮಷೀನಿನ ಕೆಳಗೆ ಮಲಗಿತ್ತು. "ಅಡುಗೆಮನೆ ಮಾಡು ಸೋರ್ತಾ ಇದೆ, ಅದು?"

"ಕಲೆಗೆ ಸಮಯ ಬೇಕು ಕಣೇ."

"ಸೋರೋದಕ್ಕೆ ಬೇಡವಂತೆ."

ಮರುದಿನ ಮಧ್ಯಾಹ್ನ ಮೋಡ ಕವಿದು ಮೂರು ಗಂಟೆಗೇ ಮುಸ್ಸಂಜೆಯಾಯಿತು. ಗಾಳಿಯಿಲ್ಲ, ಕೋಳಿಯ ಸದ್ದಿಲ್ಲ. ನಾನು ಜಗುಲಿಯಲ್ಲಿ ಕೋಟಿನ ಕಾಲರು ತಿರುವುತ್ತಿದ್ದೆ. ಅಡುಗೆಮನೆಯಲ್ಲಿ ನ್ಯಾಲೋಂಗ್ವೆ ಹಬ್ಬದ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದಿನ ಜೊತೆಗೆ ಹಾಡು ಕೇಳಿತು. ಅವ್ವನ ಹಾಡು. ಅವ್ವನ ದನಿ. ಸಾಲಿಗೊಮ್ಮೆ ಅವ್ವ ನಶ್ಯದ ಮೂಗನ್ನು 'ಸುಂಯ್' ಎಂದು ಎಳೆದುಕೊಳ್ಳುತ್ತಿದ್ದಳು; ಆ 'ಸುಂಯ್' ಕೂಡ ತಾಳ ತಪ್ಪದೆ ಬಂತು. ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಮೊದಲ ಚರಣ ಮುಗಿಯಿತು, ಎರಡನೆಯದು ಮುಗಿಯಿತು. ಹಾಡು ಮುಂದುವರಿಯಿತು. ಅಲ್ಲಿಂದ ಮುಂದೆ ಹಾಡು ಇರಲೇ ಇಲ್ಲ!

ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಇಣುಕಿದೆ. ನ್ಯಾಲೋಂಗ್ವೆ ಅವ್ವನ ಗಿಡ್ಡ ಮಣೆಯ ಮೇಲೆ, ಅವ್ವನಂತೆ ಎಡಗಾಲು ನೀಡಿಕೊಂಡು ಕೂತಿದ್ದಳು. ತುಟಿ ಆಡುತ್ತಿತ್ತು, ಕಣ್ಣು ಅಕ್ಕಿಯ ಮೇಲಿತ್ತು, ಆದರೆ ಅಕ್ಕಿಯನ್ನು ನೋಡುತ್ತಿರಲಿಲ್ಲ. ಒಳಗೆಲ್ಲ ನಶ್ಯದ ಘಾಟು. ಅವ್ವನ ಡಬ್ಬಿಯನ್ನು ಅವಳ ಜೊತೆಗೇ ಮಣ್ಣು ಮಾಡಿದ್ದೆವು.

"ಏನೇ ಹಾಡ್ತಿದ್ದೆ?" ಎಂದೆ.

ಅವಳು ಬೆಚ್ಚಿ ತಲೆಯೆತ್ತಿದಳು. "ನಾನಾ? ಬಾಯ್ತುಂಬ ಹೊಟ್ಟು ಹಾರ್ತಿದೆ, ಹಾಡ್ತೀನಾ? ಮಾಡಿಗೆ ಹುಲ್ಲು ತಂದ್ರಾ?" ಎಂದು ಜೋರಾಗಿ ಸೀನಿದಳು.

ಹೆದರಿಕೆಯಾಯಿತು, ಒಪ್ಪುತ್ತೇನೆ. ಆದರೆ ಜೊತೆಗೇ ಒಂದು ದಿವ್ಯಾಲೋಚನೆಯೂ ಹೊಳೆಯಿತು. ಅವ್ವ ಬಂದಿದ್ದಾಳೆ ಎಂದರೆ ನನಗಾಗಿಯೇ ಬಂದಿರಬೇಕು! ಈ ಮನೆಯಲ್ಲಿ ನನ್ನ ಪಕ್ಷ ಅಲ್ಪಸಂಖ್ಯಾತವಾಗಿತ್ತು. ಪರಲೋಕದಿಂದ ಒಂದು ಮತ ಬಂದರೆ ಸಮಬಲವಾದೀತು. ಮರುದಿನ ಮೊರದ ಸದ್ದು ಆರಂಭವಾಗುವುದನ್ನೇ ಕಾದು, ಹಾಡು ಎರಡನೆಯ ಚರಣಕ್ಕೆ ಬಂದಾಗ ಹೊಸಿಲ ಬಳಿ ಮಂಡಿಯೂರಿದೆ.

"ಅವ್ವಾ, ಈ ನ್ಯಾಲೋಂಗ್ವೆಗೆ ಸ್ವಲ್ಪ ಬುದ್ಧಿ ಹೇಳವ್ವಾ."

ಮೊರ ನಿಂತಿತು. ಸುಂಯ್! ಮಾತು ಬಂದದ್ದು ನನ್ನ ಹೆಂಡತಿಯ ಬಾಯಿಂದ. ಮೂವತ್ತು ವರ್ಷ ನನಗೆ 'ನೀವು' ಎಂದ ಬಾಯಿ ಅದು.

"ಅವಳಿಗೇನೋ ಹೇಳೋದು, ಕಪ್ಪೆಮರಿ? ಅವಳ ರವಿಕೆ ಎಲ್ಲೋ? ಮಾಡು ನೋಡೋ, ನನ್ನ ಮಣೆ ಮೇಲೇ ನೀರು ಬೀಳ್ತಿದೆ. ಏಳೋ ಮೇಲೆ!"

ಕಪ್ಪೆಮರಿ! ಆ ಹೆಸರಿನಿಂದ ನನ್ನನ್ನು ಅವ್ವ ಕರೆಯುತ್ತಿದ್ದದ್ದು ನನಗೆ ಹಲ್ಲು ಹುಟ್ಟುವ ಕಾಲದಲ್ಲಿ. ಮದುವೆಯಾಗುವಾಗ ಹೆಂಡತಿಯಿಂದ ನಾನು ಮುಚ್ಚಿಟ್ಟ ಒಂದೇ ಗುಟ್ಟು ಅದು.

"ಯಾರ ಜೊತೆ ಮಾತಾಡ್ತಿದೀರಿ, ಸುಜ್ಗೋ ಅಪ್ಪ?" ಎಂದಳು ನ್ಯಾಲೋಂಗ್ವೆ, ತನ್ನದೇ ದನಿಯಲ್ಲಿ. "ಮಂಡಿ ಯಾಕೆ ಊರಿದೀರಿ? ಏನಾದ್ರೂ ಮುರಿದ್ರಾ?"

ರವಿಕೆಯನ್ನು ಅಂದೇ ಹೊಲಿದುಕೊಟ್ಟೆ. ಗುಂಡಿ ಕೂಡ ಎರಡೆರಡು ಸಲ ಬಿಗಿದೆ. ಮಾಡಿನ ವಿಚಾರ ಹಬ್ಬ ಕಳೆಯಲಿ ಎಂದುಕೊಂಡೆ. ಮಳೆಯಲ್ಲಿ ಮಾಡು ಹತ್ತಲು ಪರಲೋಕದವರು ಹೇಳುವುದು ಸುಲಭ, ಅವರಿಗೆ ಜಾರಿ ಬೀಳುವ ಭಯವಿಲ್ಲ.

ಅವ್ವನ ತಂಗಿ ಎಸ್ತೇರೆ ಚಿಕ್ಕಮ್ಮನ ಬಳಿ ಹೋಗಿ, "ಅವ್ವನ ಹಾಡಿಗೆ ಮೂರನೇ ಚರಣ ಇತ್ತಾ?" ಎಂದು ಕೇಳಿದೆ. ಚಿಕ್ಕಮ್ಮ ಸುಲಿಯುತ್ತಿದ್ದ ಮಾವಿನಹಣ್ಣನ್ನು ಕೆಳಗಿಟ್ಟಳು. "ಯಾರು ಹಾಡಿದ್ರು?" ಎಂದಳು. ಹೇಳಿದೆ. ಅವಳು ಹಣ್ಣನ್ನು ಮತ್ತೆ ಕೈಗೆತ್ತಿಕೊಂಡು, "ಎರಡೇ ಸಾಕು ಮಗಾ. ಮನೆಗೆ ಹೋಗಿ ಹೆಂಡ್ತಿ ಹೇಳಿದ ಕೆಲಸ ಮಾಡು," ಎಂದಳು.

ಕಲುವಾ ಮೇಷ್ಟ್ರು ಹಾಗಲ್ಲ. ವಿಷಯ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು. "ಪರಲೋಕದಿಂದ ನೇರವಾಗಿ ಬಂದ ಚರಣ! ಇನ್ಯಾವ ಸಭೇಲಿದೆಯಯ್ಯಾ? ನಿಮ್ಮನೆಯವರು ಹಾಡಲೇಬೇಕು."

"ಅವಳಿಗೆ ಗೊತ್ತೇ ಆಗಲ್ಲ ಮೇಷ್ಟ್ರೇ. ಅಕ್ಕಿ ಕೇರುವಾಗ ಮಾತ್ರ ಬರುತ್ತೆ."

"ಹಾಗಾದ್ರೆ ಚರ್ಚಲ್ಲೇ ಕೇರಲಿ. ಸುಗ್ಗಿಯ ಕಾಣಿಕೆ ಅಂತ ಹೇಳೋಣ."

ಪದ ಏನಿತ್ತು ಎಂದು ಇಬ್ಬರೂ ಯೋಚಿಸಲಿಲ್ಲ. ಜಗುಲಿಯಿಂದ ನನಗೆ ರಾಗ ಕೇಳಿತ್ತು, ಪದ ಮೊರದ ಸದ್ದಿನಲ್ಲಿ ಹೋಗಿತ್ತು. ದೇವಸ್ತುತಿಯಲ್ಲದೆ ಇನ್ನೇನಿದ್ದೀತು?

ಕ್ರಿಸ್‌ಮಸ್ ದಿನ ಮಧ್ಯಾಹ್ನದ ಆರಾಧನೆಗೆ ಚರ್ಚು ತುಂಬಿ ಜನ ಕಿಟಕಿಯಲ್ಲಿ ತೂಗಾಡುತ್ತಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹೊರಗೆ ಆಕಾಶ ನೀಲಿಗಟ್ಟಿತ್ತು. ಸರೋವರದ ಮೇಲೆ ನೊಣಗಳ ಕಂಬವೊಂದು ಎದ್ದು ನಿಧಾನವಾಗಿ ದಂಡೆಯ ಕಡೆ ವಾಲುತ್ತಿತ್ತು. ನನ್ನ ಕಥೆಗೆ ಇದಕ್ಕಿಂತ ಒಳ್ಳೆಯ ಪರದೆಯನ್ನು ಯಾರು ಕಟ್ಟಿಯಾರು? ಬಿಳಿ ಕೋಟು ಸರಿಪಡಿಸಿಕೊಂಡು ಕಿಟಕಿಯತ್ತ ಕೈ ತೋರಿಸಿ ಕಥೆ ಹೇಳಿದೆ. ಪರಊರಿನ ಸಭೆಗಳ ಮುಂದೆ ಜಿಪುಣತನ ಸಲ್ಲದೆಂದು ನಲವತ್ತು ದೇವದೂತರನ್ನು ಇಳಿಸಿದೆ. ಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು.

ಹಾಡು ಆರಂಭವಾಯಿತು. ಮುಂದೆ, ಹೊಸ ರವಿಕೆಯಲ್ಲಿ, ನ್ಯಾಲೋಂಗ್ವೆ ನಾಚಿಕೊಂಡು ಮೊರ ಎತ್ತಿದಳು. ಎರಡು ಚರಣಗಳನ್ನು ಎಲ್ಲರೂ ಹಾಡಿ ನಿಲ್ಲಿಸಿದರು. ಮೊರ ನಿಲ್ಲಲಿಲ್ಲ. ಸುಂಯ್! ಪಕ್ಕದಲ್ಲಿದ್ದ ಕಲುವಾ ಮೇಷ್ಟ್ರು ನನ್ನ ತೋಳನ್ನು ಹಿಡಿದುಕೊಂಡರು. ಸತ್ತು ಎಂಟು ತಿಂಗಳಾದ ಅವ್ವನ ದನಿ ಪ್ರತಿ ಪದವನ್ನೂ ಬಿಡಿಸಿ ಬಿಡಿಸಿ ಹಾಡಿತು:

ಮಳೆಯು ಬಂತು, ಮಾಡು ಸೋರಿತು,
ಮರಿಯಳ ಕೂಸಿನ ನೆತ್ತಿ ನೆನೆಯಿತು.
ಎಲ್ಲಿ ಹೋದನು ಮನೆಯ ಗಂಡಸು?
ಜಗುಲಿ ಮೇಲೆ ಕೂತು ಯೋಬೆ
ದೂತರ ತಲೆಯನು ಎಣಿಸುತ್ತಾನೆ.

ಯಾರಾದರೂ ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ನಗಲಿಲ್ಲ. ಆದದ್ದು ಬೇರೆ. ಹೆಂಗಸರ ಕಡೆಯ ಬೆಂಚುಗಳೆಲ್ಲ, ಕರೋಂಗದಿಂದ ಬಂದವರು, ದೋಣಿಯಲ್ಲಿ ಬಂದವರು, ಅವ್ವನ ಮುಖವನ್ನೇ ಕಾಣದ ಎಳೆಯ ಹುಡುಗಿಯರು, ಒಟ್ಟಿಗೆ, ಒಂದೇ ಉಸಿರಿನಲ್ಲಿ ಮೂಗು ಎಳೆದುಕೊಂಡವು. ಸುಂಯ್! ಆಮೇಲೆ ಎಲ್ಲರೂ ಸೇರಿ ಆ ಚರಣವನ್ನು ಮತ್ತೆ ಹಾಡಿದರು. ಒಂದು ಪದ ತಪ್ಪಲಿಲ್ಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗಂಡಸರ ಕಡೆಯಲ್ಲಿ ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು, ಪ್ರತಿಯೊಬ್ಬರಿಗೂ ಅವರವರ ಮನೆಯ ಮಾಡು ನೆನಪಾದಂತೆ.

ನಗು ಬಂದದ್ದು ಕೊನೆಯಲ್ಲಿ. ಬಂದಾಗ ಚರ್ಚಿನ ತಗಡು ಅದುರುವಂತೆ ಬಂತು.

ಪಾಲಕರು ಎಸ್ತೇರೆ ಚಿಕ್ಕಮ್ಮನನ್ನು ಮುಂದೆ ಕರೆಸಿ, "ಇದು ಹುಟ್ಟಿದ ಕಥೆ ಇವರು ಹೇಳಿದ್ದೇನಾ ಅಮ್ಮಾ?" ಎಂದರು.

"ದೂತ ಎಲ್ಲಿಂದ ಬರ್ಬೇಕು?" ಎಂದಳು ಚಿಕ್ಕಮ್ಮ. "ಇವನು ಹುಟ್ಟೋ ದಿನ ಅಕ್ಕನಿಗೆ ನೋವು ಶುರುವಾಗಿತ್ತು. ಮಾಡು ಸೋರಿ ಹೊಟ್ಟೆ ಮೇಲೆ ನೀರು. ಇವನಪ್ಪ ಜಗುಲೀಲಿ ಕೂತು ಬಂದವರಿಗೆ ದೂತರ ಕಥೆ ಹೇಳ್ತಿದ್ದ. ಅಕ್ಕ ನೋವಲ್ಲೇ ಅವನನ್ನ ಬೈದ್ಲು, ಬೈಗುಳ ರಾಗವಾಗಿ ಬಂತು. ಚರ್ಚಿಗೆ ಆಗೋ ಎರಡು ಚರಣ ಚರ್ಚಿಗೆ ಕೊಟ್ಲು. ಮೂರನೇದು ನನಗೆ ಮಾತ್ರ ಗೊತ್ತಿತ್ತು, ನಾನು ಯಾರಿಗೂ ಹೇಳಿಲ್ಲ." ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಆದ್ರೆ ಮಗಾ, ಅದರಲ್ಲಿ ಆಗ ನಿಮ್ಮಪ್ಪನ ಹೆಸರಿತ್ತು. ನಿನ್ನ ಹೆಸರು ಯಾರು ಹಾಕಿದ್ರೋ ನಾ ಕಾಣೆ."

ನಮ್ಮ ಹಾಡು ಗೆದ್ದಿತು. ಮೂರು ಚರಣವೂ ಪುಸ್ತಕಕ್ಕೆ ಹೋಗುತ್ತವಂತೆ. ನನ್ನ ಕಥೆಯನ್ನು ಮಾತ್ರ 'ವಿಶ್ವಾಸಾರ್ಹವಲ್ಲ' ಎಂದು ಪಾಲಕರು ಕೈಬಿಟ್ಟರು.

ಮರುದಿನ ಬೆಳಕು ಹರಿಯುತ್ತಲೇ ಹುಲ್ಲಿನ ಹೊರೆ ಹೊತ್ತು ಮಾಡು ಹತ್ತಿದೆ. ಯಾರೂ ಹೇಳಲಿಲ್ಲ. ಹೇಳುವ ತನಕ ಕಾಯುವ ಧೈರ್ಯ ಇರಲಿಲ್ಲ. ನ್ಯಾಲೋಂಗ್ವೆ ಕೆಳಗೆ ಏಣಿ ಹಿಡಿದು ನಿಂತು ಒಂದೊಂದೇ ಕಟ್ಟು ಮೇಲಕ್ಕೆ ಎಸೆದಳು. ಬಿಸಿಲು ಮೂಡಿತ್ತು. ಎಷ್ಟೋ ವರ್ಷಗಳಿಂದ ನಾವಿಬ್ಬರೂ ಹೀಗೆ ಒಟ್ಟಿಗೆ ಕೆಲಸ ಮಾಡಿರಲಿಲ್ಲ. ಮಧ್ಯಾಹ್ನಕ್ಕೆ ಅರ್ಧ ಮಾಡು ಮುಗಿಸಿ ಬೆನ್ನು ನೆಟ್ಟಗೆ ಮಾಡಿದೆ.

"ನಿಜ ಹೇಳು," ಎಂದೆ. "ನನ್ನ ಹೆಸರು ನೀನೇ ಸೇರಿಸಿದ್ದಾ?"

"ದೇವರಾಣೆ ಇಲ್ಲ ರೀ. ನಾನು ಹಾಡಿದ್ದೇ ನನಗೆ ಗೊತ್ತಿಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು. "ಮೇಕೆ ದನಿ ಅಂದಿದ್ರಲ್ಲ ಅವರು. ನನ್ನ ಗಂಟಲೇ ಯಾಕೆ ಬೇಕಾಯ್ತೋ."

ಉತ್ತರ ಹೊಳೆಯುವ ಮುಂಚೆ ಮೊರದ ಸದ್ದು ಕೇಳಿತು. ಬಂದದ್ದು ನನ್ನ ಕಾಲ ಕೆಳಗಿನಿಂದ, ಬಾಗಿಲು ಹಾಕಿದ್ದ ಅಡುಗೆಮನೆಯ ಒಳಗಿನಿಂದ. ನ್ಯಾಲೋಂಗ್ವೆಯ ಎರಡೂ ಕೈ ಏಣಿಯ ಮೇಲಿದ್ದವು, ಬಾಯಿ ಮುಚ್ಚಿತ್ತು. ಈ ಸಲ ಅವಳೂ ಕೇಳಿಸಿಕೊಂಡಳು. ಏಣಿ ನಡುಗಿದ್ದರಿಂದ ನನಗದು ತಿಳಿಯಿತು. ಸುಂಯ್! ಅದೇ ರಾಗ, ಹೊಸ ಚರಣ:

ತುದಿಯಿಂದ ಬುಡಕೆ ಹೊದಿಸಿದೆಯಲ್ಲೋ,
ಬಿದ್ದ ನೀರು ಒಳಗೇ ಇಳಿವುದಲ್ಲೋ,
ಬುಡದಿಂದ ತುದಿಗೆ ಹೊದಿಸೋ ಕಪ್ಪೆಮರಿ,
ಸೊಸೆಯ ನೆತ್ತಿ ನೆನೆದೀತು.

ಹುಲ್ಲಿನ ಕಡೆ ನೋಡಿದೆ. ನಿಜವಾಗಿಯೂ ಮೇಲಿನಿಂದ ಕೆಳಕ್ಕೆ, ತಲೆಕೆಳಗಾಗಿ ಹೊದಿಸಿದ್ದೆ. ಕೆಳಗೆ ನ್ಯಾಲೋಂಗ್ವೆ ಸೆರಗಿನಿಂದ ಮುಖ ಒರೆಸಿಕೊಂಡು, ಮುಚ್ಚಿದ ಬಾಗಿಲಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. ಆಮೇಲೆ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅತ್ತೆ ಹೇಳಿದ್ದು ಕೇಳಿಸ್ತಲ್ಲ?" ಎಂದಳು. "ಬಿಚ್ಚಿ ಎಲ್ಲಾ."

ಬಿಚ್ಚಿದೆ.